ತಿರುಗಿಸಿದ ಎಲಿಮೆಂಟ್ ಪರದೆಯ ಮೇಲೆ ನಿಜಕ್ಕೂ ಎಲ್ಲಿದೆ? ಹಂತ ಹಂತವಾಗಿ ಪತ್ತೆ ಹಚ್ಚುವ ಬಗೆ

ಮಡಿಕೇರಿ, ಗೋಣಿಕೊಪ್ಪಲು, ಕುಶಾಲನಗರದ ಕಡೆ ಹೋಂಸ್ಟೇ ಮತ್ತು ಕಾಫಿ ತೋಟಗಳಿಗೆ ವೆಬ್ ಪುಟ ಮಾಡಿಕೊಡುವ ಹುಡುಗರು ನನಗೆ ಕಳಿಸುವ ಸ್ಕ್ರೀನ್‌ಶಾಟ್‌ಗಳು ಹೆಚ್ಚುಕಡಿಮೆ ಒಂದೇ ಥರ. ಪುಟದಲ್ಲಿ ತೋಟದ ನಕ್ಷೆ ಇರುತ್ತದೆ. ಗೇಟು ಕೆಳಗಡೆ ಕಾಣಲಿ ಎಂದು ನಕ್ಷೆಯನ್ನು 30 ಡಿಗ್ರಿ ತಿರುಗಿಸಿರುತ್ತಾರೆ. ಕಣದ ಗುರುತನ್ನು ಮುಟ್ಟಿದರೆ ವಿವರದ ಪೆಟ್ಟಿಗೆ ಕೆರೆಯ ಮೇಲೆ ತೆರೆದುಕೊಳ್ಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಆಮೇಲೆ ‘ಪೆಟ್ಟಿಗೆಯ ಜಾಗಕ್ಕೆ ಅಂದಾಜಿನಲ್ಲಿ ಮೈನಸ್ 47 ಪಿಕ್ಸೆಲ್ ಹಾಕಿದೆ, ಸರಿಹೋಯ್ತು’ ಅಂತ ಮೆಸೇಜು. ಮರುದಿನ ಫೋನಿನಲ್ಲಿ ನೋಡಿದರೆ ಪೆಟ್ಟಿಗೆ ಲೈನ್ ಮನೆಯ ಮೇಲೆ ಕೂತಿರುತ್ತದೆ.

ಮೈನಸ್ 47 ಬೇಡ. ತಿರುಗಿದ ಮೇಲೆ ಎಲಿಮೆಂಟ್ (ನಕ್ಷೆ, ಗುರುತು, ಪೆಟ್ಟಿಗೆಯಂಥ ಪುಟದ ಒಂದು ತುಂಡು) ಎಲ್ಲಿದೆ ಅನ್ನುವುದು ಬ್ರೌಸರ್‌ಗೆ ಗೊತ್ತಿದೆ, ಏಕೆಂದರೆ ಚಿತ್ರ ಬಿಡಿಸಿದ್ದೇ ಅದು. ನಾವು ಮತ್ತೆ ಲೆಕ್ಕ ಹಾಕಲು ಹೋಗಿ ಕೆಡುತ್ತೇವೆ. ಸರಿಯಾದ ಪ್ರಶ್ನೆಯನ್ನು ಸರಿಯಾದ ಹೊತ್ತಿಗೆ ಬ್ರೌಸರ್‌ಗೆ ಕೇಳುವುದು ಹೇಗೆ ಅನ್ನುವುದಷ್ಟೇ ಕೆಳಗಿನ ಹಂತಗಳಲ್ಲಿದೆ. ಹಂತಗಳ ಕ್ರಮ ತಪ್ಪಿಸಬೇಡಿ. ನೇರ ಐದನೇ ಹಂತಕ್ಕೆ ಹಾರಿದವರೇ ಹೆಚ್ಚಾಗಿ ವಾಪಸ್ ಬರುವುದು.

ಬೇಕಾಗುವ ಸಾಮಾನು

ಕ್ರೋಮ್ ಅಥವಾ ಫೈರ್‌ಫಾಕ್ಸ್, ಅದರ ಡೆವಲಪರ್ ಟೂಲ್ಸ್‌ನ ಎಲಿಮೆಂಟ್ ಫಲಕ ಮತ್ತು ಕನ್ಸೋಲ್, ಪರೀಕ್ಷೆಗೆ ಒಂದು ಫೋನು. ಲೈಬ್ರರಿ ಏನೂ ಬೇಡ. ಕಾಗದ, ಪೆನ್ನು ಪಕ್ಕದಲ್ಲಿರಲಿ. ಜುಲೈ ಮಳೆಯಲ್ಲಿ ಕರೆಂಟ್ ಹೋದಾಗ ನಾನು ಕಾಗದದ ಮೇಲೆ ಬಿಡಿಸಿಕೊಂಡ ಪೆಟ್ಟಿಗೆಗಳೇ ಈ ವಿಷಯ ನನಗೆ ಅರ್ಥವಾಗಿಸಿದ್ದು.

ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಮೊದಲ ಮೂರ್ನಾಲ್ಕು ಅಕ್ಷರ ಹೊಡೆದರೆ ಉಳಿದದ್ದನ್ನು ಅದೇ ತೋರಿಸುತ್ತದೆ.

ಹಂತ 1: ಯಾವ ‘ಜಾಗ’ ಬೇಕು ಅಂತ ಮೊದಲು ತೀರ್ಮಾನಿಸಿ

‘ಎಲ್ಲಿದೆ’ ಅನ್ನುವ ಒಂದು ಮಾತಿನೊಳಗೆ ಎರಡು ಪ್ರಶ್ನೆಗಳಿವೆ.

ಒಂದು, ಎಲ್ಲಿಂದ ಅಳೆಯಬೇಕು? ಈಗ ಕಾಣುತ್ತಿರುವ ಕಿಟಕಿಯ ಎಡ ಮೇಲ್ಮೂಲೆಯಿಂದಲೋ, ಇಡೀ ಪುಟದ ತುದಿಯಿಂದಲೋ, ಅಥವಾ ತಂದೆ ಎಲಿಮೆಂಟ್‌ನಿಂದಲೋ (ಅದನ್ನು ತನ್ನೊಳಗೆ ಇಟ್ಟುಕೊಂಡದ್ದರಿಂದಲೋ)? ಇನ್ನೊಂದು, ಏನನ್ನು ಅಳೆಯಬೇಕು? ಎಲಿಮೆಂಟ್‌ನ ನಡುಬಿಂದುವೋ, ಅದರ ಸುತ್ತ ನೆಟ್ಟಗೆ ಹಾಕಿದ ಬೇಲಿಯೋ, ತಿರುಗಿದ ಮೇಲಿನ ನಿಜವಾದ ಮೂಲೆಯೋ, ಅದರ ಹೊಟ್ಟೆಯೊಳಗಿನ ಯಾವುದೋ ಒಂದು ಬಿಂದುವೋ?

ಇವೆರಡನ್ನೂ ಒಂದು ಸಾಲಿನಲ್ಲಿ ಕಾಮೆಂಟ್ ಆಗಿ ಬರೆದು ಆಮೇಲೆ ಕೋಡ್ ಶುರುಮಾಡಿ. ‘ಕಿಟಕಿಯಿಂದ ಅಳೆದ, ಕಣದ ಗುರುತಿನ ನಡುಬಿಂದು’ ಅಂತ ಬರೆದುಕೊಂಡವನಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಬರೆದುಕೊಳ್ಳದವನು ಕಿಟಕಿಯ ಲೆಕ್ಕಕ್ಕೆ ಪುಟದ ಲೆಕ್ಕ ಬೆರೆಸುತ್ತಾನೆ.

ಹಂತ 2: ಕೆಂಪು ಚುಕ್ಕಿ ತಯಾರು ಮಾಡಿಕೊಳ್ಳಿ

ಅಳೆಯುವ ಮೊದಲು ಅಳತೆ ಸರಿಯೋ ತಪ್ಪೋ ನೋಡುವ ದಾರಿ ಬೇಕು. ಆರು ಪಿಕ್ಸೆಲ್ ಅಗಲ, ಆರು ಪಿಕ್ಸೆಲ್ ಎತ್ತರದ ಕೆಂಪು ಡಿವ್ ಮಾಡಿ. ಪೊಸಿಷನ್ ಫಿಕ್ಸ್ಡ್, ಪಾಯಿಂಟರ್ ಇವೆಂಟ್ಸ್ ನನ್ (‘ಇಲ್ಲ’ ಎನ್ನುವ ಮೌಲ್ಯ), ಝೆಡ್ ಇಂಡೆಕ್ಸ್ ದೊಡ್ಡದು. ಎಕ್ಸ್, ವೈ ಕೊಟ್ಟರೆ ಆ ಜಾಗಕ್ಕೆ ಚುಕ್ಕಿ ಇಡುವ ಪುಟ್ಟ ಫಂಕ್ಷನ್ ಬರೆದಿಟ್ಟುಕೊಳ್ಳಿ. ಚುಕ್ಕಿಯ ನಡು ಸರಿಯಾಗಿ ಕೂರಲು ಎರಡರಿಂದಲೂ ಮೂರು ಪಿಕ್ಸೆಲ್ ಕಳೆಯಿರಿ.

ಚುಕ್ಕಿಯನ್ನು ನೇರವಾಗಿ ಬಾಡಿ ಟ್ಯಾಗ್‌ಗೆ ಸೇರಿಸಿ, ನಕ್ಷೆಯ ಒಳಗೆ ಸೇರಿಸಬೇಡಿ. ಎಲ್ಲರೂ ಎಡವುವ ಕಲ್ಲು ಇಲ್ಲಿದೆ: ಟ್ರಾನ್ಸ್‌ಫಾರ್ಮ್ (ತಿರುಗಿಸುವ, ಹಿಗ್ಗಿಸುವ, ಸರಿಸುವ ಸಿಎಸ್‌ಎಸ್ ಗುಣ) ಹಾಕಿದ ಎಲಿಮೆಂಟ್ ತನ್ನೊಳಗಿನ ಫಿಕ್ಸ್ಡ್ ಮಕ್ಕಳಿಗೂ ತಾನೇ ಆಧಾರವಾಗಿಬಿಡುತ್ತದೆ. ಫಿಕ್ಸ್ಡ್ ಅಂದರೆ ಕಿಟಕಿಗೆ ಅಂಟಿದ್ದು ಅನ್ನುವ ನಿಯಮ ಅಲ್ಲಿ ನಡೆಯುವುದಿಲ್ಲ. ಪರ್ಸ್‌ಪೆಕ್ಟಿವ್ (ದೂರದ್ದು ಚಿಕ್ಕದಾಗಿ ಕಾಣಿಸುವ ಗುಣ), ಫಿಲ್ಟರ್, ವಿಲ್‌ಚೇಂಜ್‌ನಲ್ಲಿ ಟ್ರಾನ್ಸ್‌ಫಾರ್ಮ್ ಹೇಳಿದ್ದರೂ ಇದೇ ಕಥೆ. ಎಚ್ಚರಿಕೆಯ ಚಿಹ್ನೆ: 0, 0 ಕೊಟ್ಟರೂ ಚುಕ್ಕಿ ಕಿಟಕಿಯ ಎಡ ಮೇಲ್ಮೂಲೆಗೆ ಬರದಿದ್ದರೆ ಮೇಲೆ ಯಾರೋ ಹಿರಿಯರು ಟ್ರಾನ್ಸ್‌ಫಾರ್ಮ್ ಹೊತ್ತು ಕೂತಿದ್ದಾರೆ. ಪುಟದಿಂದ ಪುಟಕ್ಕೆ ಜಾರುವ ಅನಿಮೇಷನ್ ಕೊಡುವ ಪ್ಲಗಿನ್‌ಗಳು ಬಾಡಿ ಟ್ಯಾಗ್‌ಗೇ ಟ್ರಾನ್ಸ್‌ಫಾರ್ಮ್ ಹಾಕುವುದುಂಟು, ಅಲ್ಲಿ ಮೊದಲು ನೋಡಿ.

0, 0 ಸರಿ ಬರುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ. ಅಳತೆಗೋಲೇ ಸೊಟ್ಟಗಿದ್ದರೆ ಏನು ಅಳೆದರೇನು?

ಹಂತ 3: ನೆಟ್ಟಗಿನ ಬೇಲಿ ಕೇಳಿ

ಆಫ್‌ಸೆಟ್‌ಲೆಫ್ಟ್, ಆಫ್‌ಸೆಟ್‌ಟಾಪ್, ಆಫ್‌ಸೆಟ್‌ವಿಡ್ತ್ ಇವು ಟ್ರಾನ್ಸ್‌ಫಾರ್ಮ್ ನಡೆದಿದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪುಟದ ಲೇಔಟ್‌ನಲ್ಲಿ ಎಲಿಮೆಂಟ್‌ಗೆ ಕೊಟ್ಟ ಜಾಗವನ್ನಷ್ಟೇ, ಅದನ್ನೂ ಪೂರ್ಣಾಂಕಕ್ಕೆ ಸರಿಹೊಂದಿಸಿ ಹೇಳುತ್ತವೆ. ನಕ್ಷೆ ತಲೆಕೆಳಗಾದರೂ ಅವುಗಳ ಉತ್ತರ ಬದಲಾಗದು. ಪರದೆಯ ಮೇಲಿನ ಜಾಗ ಬೇಕಾದಾಗ ಕೇಳಬೇಕಾದ್ದು ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್. ಎಲಿಮೆಂಟ್‌ನದ್ದೂ ಅದರ ಮೇಲಿನ ಎಲ್ಲ ತಂದೆ ತಾತಂದಿರದ್ದೂ ಟ್ರಾನ್ಸ್‌ಫಾರ್ಮ್ ಸೇರಿಸಿ, ಸ್ಕ್ರೋಲ್ ಆದಷ್ಟನ್ನೂ ಕಳೆದು, ಕಿಟಕಿಯಿಂದ ಅಳೆದ ಉತ್ತರ ಕೊಡುತ್ತದೆ.

ಆದರೆ ಅದು ಕೊಡುವುದು ಬೇಲಿ, ಮೂಲೆಯಲ್ಲ. ಉದಾಹರಣೆ ಹಿಡಿದು ನೋಡೋಣ. ನಕ್ಷೆಯ ಡಿವ್ 200 ಪಿಕ್ಸೆಲ್ ಅಗಲ, 100 ಎತ್ತರ. ತಿರುಗಿಸುವ ಮೊದಲು ಎಡದಿಂದ 100, ಮೇಲಿಂದ 120ರಲ್ಲಿತ್ತು. ನಡುವನ್ನು ಆಧಾರವಾಗಿಟ್ಟು 30 ಡಿಗ್ರಿ ತಿರುಗಿಸಿದೆವು. ಈಗ ಕೇಳಿದರೆ ಲೆಫ್ಟ್ 88.4, ಟಾಪ್ 76.7, ಅಗಲ 223.2, ಎತ್ತರ 186.6 ಎಂದು ಬರುತ್ತದೆ. ನಕ್ಷೆ ಹಿಗ್ಗಿಲ್ಲ. ಓರೆಯಾಗಿ ನಿಂತ ಜೀಪಿನ ಸುತ್ತ ನೆಟ್ಟಗೆ ಬೇಲಿ ಹಾಕಿದರೆ ಬೇಲಿ ಜೀಪಿಗಿಂತ ದೊಡ್ಡದಾಗುತ್ತದಲ್ಲ, ಅಷ್ಟೇ.

ನಕ್ಷೆಯ ನಿಜವಾದ ಎಡ ಮೇಲ್ಮೂಲೆ ಇರುವುದು 138.4, 76.7ರಲ್ಲಿ. ಬೇಲಿಯ ಮೂಲೆಯನ್ನೇ ನಕ್ಷೆಯ ಮೂಲೆ ಅಂದುಕೊಂಡರೆ 50 ಪಿಕ್ಸೆಲ್ ತಪ್ಪು. ಮೈನಸ್ 47ರಂಥ ಅಂಕಿಗಳು ಹುಟ್ಟುವುದು ಇಲ್ಲಿಂದಲೇ.

ಒಂದು ಒಳ್ಳೆಯ ಸುದ್ದಿ ಇದೆ. ಪರ್ಸ್‌ಪೆಕ್ಟಿವ್ ಇಲ್ಲದಿದ್ದರೆ ಬೇಲಿಯ ನಡುಬಿಂದುವೂ ಎಲಿಮೆಂಟ್‌ನ ನಡುಬಿಂದುವೂ ಒಂದೇ. ಲೆಫ್ಟ್‌ಗೆ ಅಗಲದ ಅರ್ಧ, ಟಾಪ್‌ಗೆ ಎತ್ತರದ ಅರ್ಧ ಸೇರಿಸಿ: 200, 170. ತಿರುಗಿಸುವ ಮೊದಲೂ ನಡು ಅಲ್ಲೇ ಇತ್ತು. ಗುರುತಿನ ಪಕ್ಕ ಪೆಟ್ಟಿಗೆ ತೆರೆಯುವುದಷ್ಟೇ ನಿಮ್ಮ ಕೆಲಸವಾದರೆ ಗುರುತಿನ ನಡುಬಿಂದು ತೆಗೆದುಕೊಂಡು ನೇರ ಆರನೇ ಹಂತಕ್ಕೆ ಹೋಗಿ. ಬಹಳ ಜನಕ್ಕೆ ಇಷ್ಟೇ ಸಾಕು.

ಹಂತ 4: ಮೂಲೆ ಬೇಕಾದರೆ ಗೂಟ ಹೊಡೆಯಿರಿ

ಸರ್ವೆ ಮಾಡುವವರು ಜಾಗದ ಮೂಲೆಗೆ ಗೂಟ ಹೊಡೆದು ಗೂಟವನ್ನು ಅಳೆಯುತ್ತಾರೆ. ನಾವೂ ಅದನ್ನೇ ಮಾಡೋಣ. ಅಗಲ, ಎತ್ತರ ಎರಡೂ ಸೊನ್ನೆ ಇರುವ ಡಿವ್ ಮಾಡಿ ನಕ್ಷೆಯ ಒಳಗೆ ಅಬ್ಸೊಲ್ಯೂಟ್ ಆಗಿ ಇಡಿ. ಲೆಫ್ಟ್ ಸೊನ್ನೆ, ಟಾಪ್ ಸೊನ್ನೆ ಕೊಟ್ಟರೆ ಎಡ ಮೇಲ್ಮೂಲೆಯ ಗೂಟ. ಲೆಫ್ಟ್ 100 ಶೇಕಡಾ ಕೊಟ್ಟರೆ ಬಲ ಮೇಲ್ಮೂಲೆ. ಗಾತ್ರವೇ ಇಲ್ಲದ್ದನ್ನು ಎಷ್ಟು ತಿರುಗಿಸಿದರೂ ಅದರ ಬೇಲಿ ಒಂದೇ ಬಿಂದು. ಗೂಟಕ್ಕೆ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಕೇಳಿ, ಮೂಲೆ ಸಿಕ್ಕಿತು.

ಮೇಲಿನ ಉದಾಹರಣೆಯಲ್ಲಿ ನಾಲ್ಕು ಗೂಟಗಳ ಉತ್ತರ ಹೀಗೆ ಬರಬೇಕು: ಎಡ ಮೇಲೆ 138.4, 76.7. ಬಲ ಮೇಲೆ 311.6, 176.7. ಎಡ ಕೆಳಗೆ 88.4, 163.3. ಬಲ ಕೆಳಗೆ 261.6, 263.3. ಖಾಲಿ ಪುಟದಲ್ಲಿ ಇದನ್ನೇ ಮೊದಲು ಮಾಡಿ, ಈ ಅಂಕಿಗಳು ಬಂದ ಮೇಲೆ ನಿಮ್ಮ ಪುಟಕ್ಕೆ ಕೈ ಹಾಕಿ.

ಮೂಲೆಯೇ ಆಗಬೇಕೆಂದಿಲ್ಲ. ಕಣ ನಕ್ಷೆಯ 62 ಶೇಕಡಾ ಬಲಕ್ಕೆ, 35 ಶೇಕಡಾ ಕೆಳಗೆ ಇದ್ದರೆ ಗೂಟವನ್ನೂ ಅಲ್ಲೇ ಹೊಡೆಯಿರಿ. ಮೂರು ಆಯಾಮದಲ್ಲಿ ತಿರುಗಿಸಿ ಪರ್ಸ್‌ಪೆಕ್ಟಿವ್ ಕೊಟ್ಟಿದ್ದರೂ ಗೂಟ ಸುಳ್ಳು ಹೇಳುವುದಿಲ್ಲ. ನನ್ನ ಮಟ್ಟಿಗೆ ಇದು ಇಡೀ ವಿಷಯದಲ್ಲೇ ನಂಬಿಕಸ್ಥ ದಾರಿ.

ಇಲ್ಲಿ ತಪ್ಪುವುದು ಮೂರು ಕಡೆ. ನಕ್ಷೆ ಬರೀ ಇಮೇಜ್ ಟ್ಯಾಗ್ ಆಗಿದ್ದರೆ ಅದರೊಳಗೆ ಮಕ್ಕಳನ್ನು ಇಡಲಾಗದು. ಸುತ್ತ ಒಂದು ಡಿವ್ ಹಾಕಿ ಟ್ರಾನ್ಸ್‌ಫಾರ್ಮ್ ಅನ್ನು ಆ ಡಿವ್‌ಗೆ ಸಾಗಿಸಿ. ನಕ್ಷೆಗೆ ಬಾರ್ಡರ್ ಇದ್ದರೆ ಗೂಟ ಬಾರ್ಡರ್‌ನ ಒಳ ಅಂಚಿಗೆ ಕೂರುತ್ತದೆ, ಹೊರ ಮೂಲೆ ಬೇಕಾದರೆ ಬಾರ್ಡರ್ ದಪ್ಪದಷ್ಟು ಹಿಂದೆ ಸರಿಸಿ. ಇನ್ನು ನಕ್ಷೆಯೇ ಒಳಗೆ ಸ್ಕ್ರೋಲ್ ಆಗುವಂಥದ್ದಾದರೆ ಗೂಟವೂ ಒಳಗಿನ ಸರಕಿನ ಜೊತೆ ಸರಿಯುತ್ತದೆ.

ಹಂತ 5: ಗುರುತುಗಳು ಹೆಚ್ಚಿದ್ದರೆ ಮೂರು ಗೂಟದಿಂದ ಮ್ಯಾಟ್ರಿಕ್ಸ್

ನಲವತ್ತು ಗುರುತಿಗೆ ನಲವತ್ತು ಗೂಟ ಹೊಡೆಯುವುದು ಚೆನ್ನಾಗಿರುವುದಿಲ್ಲ. ನಕ್ಷೆಯ ಮೇಲೆ ಎಲ್ಲಿ ಕ್ಲಿಕ್ ಮಾಡಿದರೂ ಅದು ತೋಟದ ಯಾವ ಜಾಗ ಅಂತ ಗೊತ್ತಾಗಬೇಕು ಅಂದರೂ ಗೂಟ ಸಾಲದು. ಆಗ ಮ್ಯಾಟ್ರಿಕ್ಸ್ ಬೇಕು, ಅಂದರೆ ನಕ್ಷೆಯ ಬಿಂದುವನ್ನು ಪರದೆಯ ಬಿಂದುವಾಗಿ ಬದಲಿಸುವ ಅಂಕಿಗಳ ಗುಂಪು.

ಸಾಮಾನ್ಯವಾಗಿ ಎಲ್ಲರೂ ಹಿಡಿಯುವ ದಾರಿ ಗೆಟ್‌ಕಂಪ್ಯೂಟೆಡ್‌ಸ್ಟೈಲ್ ಕರೆದು ಟ್ರಾನ್ಸ್‌ಫಾರ್ಮ್ ಓದುವುದು. ಆರು ಅಂಕಿಯ ಮ್ಯಾಟ್ರಿಕ್ಸ್ ಸಿಗುತ್ತದೆ, ನಿಜ. ಆದರೆ ಅದು ಆ ಒಂದು ಎಲಿಮೆಂಟ್‌ನದ್ದು ಮಾತ್ರ. ತಂದೆಯದ್ದು, ತಾತನದ್ದು ಬೇರೆ ಬೇರೆ ತೆಗೆದು, ಪ್ರತಿಯೊಂದಕ್ಕೂ ಟ್ರಾನ್ಸ್‌ಫಾರ್ಮ್ ಆರಿಜಿನ್ (ತಿರುಗುವಾಗ ಆಧಾರವಾಗುವ ಬಿಂದು) ಕೂಡಿಸಿ ಕಳೆದು, ಸರಿಯಾದ ಕ್ರಮದಲ್ಲಿ ಗುಣಿಸಬೇಕು. ಸಿಎಸ್‌ಎಸ್‌ನಲ್ಲಿ ಈಗ ರೊಟೇಟ್, ಸ್ಕೇಲ್, ಟ್ರಾನ್ಸ್‌ಲೇಟ್ ಅನ್ನುವ ಪ್ರತ್ಯೇಕ ಗುಣಗಳೂ ಇವೆ; ಕ್ರೋಮ್‌ಗೆ ಅವು ಬಂದದ್ದು 2022ರಲ್ಲಿ. ಅವುಗಳಿಂದ ತಿರುಗಿಸಿದ್ದರೆ ಟ್ರಾನ್ಸ್‌ಫಾರ್ಮ್ ಓದಿದಾಗ ‘ನನ್’ ಅಂತಲೇ ಬರುತ್ತದೆ. ಕಣ್ಣೆದುರು ನಕ್ಷೆ ಓರೆಯಾಗಿದೆ, ಕೋಡು ಏನೂ ಆಗಿಲ್ಲ ಅನ್ನುತ್ತದೆ. ಇದರಲ್ಲಿ ನಾನು ಒಂದು ಇಡೀ ಸಂಜೆ ಕಳೆದುಕೊಂಡಿದ್ದೇನೆ, ನೀವು ಕಳೆದುಕೊಳ್ಳಬೇಡಿ.

ಬದಲಿಗೆ ಮೂರು ಗೂಟ ಸಾಕು: ಎಡ ಮೇಲಿನದು, ಬಲ ಮೇಲಿನದು, ಎಡ ಕೆಳಗಿನದು. ಇವನ್ನು ಮೊದಲನೆಯದು, ಎರಡನೆಯದು, ಮೂರನೆಯದು ಎನ್ನೋಣ. ತಿರುಗಿಸುವ ಮೊದಲಿನ ಅಗಲ, ಎತ್ತರಕ್ಕೆ ಕ್ಲೈಂಟ್‌ವಿಡ್ತ್, ಕ್ಲೈಂಟ್‌ಹೈಟ್ ತೆಗೆದುಕೊಳ್ಳಿ, ಅವು ಬಾರ್ಡರ್ ಬಿಟ್ಟು ಅಳೆಯುತ್ತವೆ.

ಎ = (ಎರಡನೆಯದರ ಎಕ್ಸ್ − ಮೊದಲನೆಯದರ ಎಕ್ಸ್) ÷ ಅಗಲ
ಬಿ = (ಎರಡನೆಯದರ ವೈ − ಮೊದಲನೆಯದರ ವೈ) ÷ ಅಗಲ
ಸಿ = (ಮೂರನೆಯದರ ಎಕ್ಸ್ − ಮೊದಲನೆಯದರ ಎಕ್ಸ್) ÷ ಎತ್ತರ
ಡಿ = (ಮೂರನೆಯದರ ವೈ − ಮೊದಲನೆಯದರ ವೈ) ÷ ಎತ್ತರ
ಇ, ಎಫ್ = ಮೊದಲನೆಯದರ ಎಕ್ಸ್, ವೈ

ನಮ್ಮ ಅಂಕಿ ಹಾಕಿ ನೋಡಿ. ಎ ಎಂದರೆ 311.6ರಿಂದ 138.4 ಕಳೆದು 200ರಿಂದ ಭಾಗಿಸಿದ್ದು, 0.866. ಬಿ 0.5, ಸಿ ಮೈನಸ್ 0.5, ಡಿ 0.866. ಮೂವತ್ತು ಡಿಗ್ರಿಯ ಕೊಸೈನ್, ಸೈನ್ ತಾವಾಗಿಯೇ ಎದ್ದು ಬಂದವು. ತಂದೆ ತಾತಂದಿರ ಟ್ರಾನ್ಸ್‌ಫಾರ್ಮ್, ಆರಿಜಿನ್, ಸ್ಕ್ರೋಲ್ ಎಲ್ಲ ಇದರೊಳಗೇ ಬಂದುಬಿಟ್ಟಿವೆ.

ಇನ್ನು ನಕ್ಷೆಯೊಳಗಿನ ಯಾವ ಬಿಂದುವಿಗಾದರೂ ಪರದೆಯ ಎಕ್ಸ್ = ಎ × ಎಕ್ಸ್ + ಸಿ × ವೈ + ಇ, ಪರದೆಯ ವೈ = ಬಿ × ಎಕ್ಸ್ + ಡಿ × ವೈ + ಎಫ್. ಬಿ, ಸಿ ಅದಲುಬದಲಾದರೆ ನಕ್ಷೆ ಎದುರು ದಿಕ್ಕಿಗೆ ತಿರುಗಿದಂತೆ ಉತ್ತರ ಬರುತ್ತದೆ. ಅದು ಬಹಳ ಮಾಮೂಲಿ ತಪ್ಪು.

ಉಲ್ಟಾ ಲೆಕ್ಕಕ್ಕೆ, ಅಂದರೆ ಕ್ಲಿಕ್ಕಿನ ಕ್ಲೈಂಟ್‌ಎಕ್ಸ್, ಕ್ಲೈಂಟ್‌ವೈಯಿಂದ ನಕ್ಷೆಯ ಬಿಂದುವಿಗೆ ಬರಲು, ಈ ಆರು ಅಂಕಿಗಳನ್ನು ಡಾಮ್‌ಮ್ಯಾಟ್ರಿಕ್ಸ್‌ಗೆ ಕೊಟ್ಟು ಇನ್ವರ್ಸ್ ಕರೆಯಿರಿ. ಕ್ಲಿಕ್ಕನ್ನು ಡಾಮ್‌ಪಾಯಿಂಟ್ ಮಾಡಿ ಅದರ ಮ್ಯಾಟ್ರಿಕ್ಸ್‌ಟ್ರಾನ್ಸ್‌ಫಾರ್ಮ್‌ಗೆ ಇನ್ವರ್ಸ್ ಕೊಡಿ. 200, 170ರಲ್ಲಿ ಕ್ಲಿಕ್ ಮಾಡಿದರೆ 100, 50 ಬರಬೇಕು. ಬದಲಿಗೆ ‘ಅಂಕಿಯಲ್ಲ’ ಅನ್ನುವ ಮೌಲ್ಯ ಬಂದರೆ ಎಲ್ಲೋ ಸ್ಕೇಲ್ ಸೊನ್ನೆಯಾಗಿದೆ. ಸೊನ್ನೆಗೆ ಕುಗ್ಗಿದ್ದನ್ನು ಹಿಂದೆ ತಿರುಗಿಸಲಾಗದು.

ಒಂದು ಕಾವಲು ಪರೀಕ್ಷೆ ಇಟ್ಟುಕೊಳ್ಳಿ. ಎರಡನೆಯದಕ್ಕೆ ಮೂರನೆಯದನ್ನು ಕೂಡಿಸಿ ಮೊದಲನೆಯದನ್ನು ಕಳೆದರೆ ನಾಲ್ಕನೇ ಮೂಲೆ ಬರಬೇಕು. 311.6 + 88.4 − 138.4 = 261.6. ಸರಿ ಇದೆ. ಬರದಿದ್ದರೆ ಪರ್ಸ್‌ಪೆಕ್ಟಿವ್ ಇದೆ ಅಂತ ಅರ್ಥ, ಆಗ ಈ ಹಂತ ಬಿಟ್ಟು ನಾಲ್ಕನೆಯದಕ್ಕೇ ಮರಳಿ.

ಹಂತ 6: ಕಿಟಕಿಯ ಲೆಕ್ಕವನ್ನು ಬೇಕಾದ ಲೆಕ್ಕಕ್ಕೆ ಬದಲಿಸಿ

ಇದುವರೆಗಿನ ಉತ್ತರಗಳೆಲ್ಲ ಕಿಟಕಿಯಿಂದ ಅಳೆದವು. ವಿವರದ ಪೆಟ್ಟಿಗೆ ಫಿಕ್ಸ್ಡ್ ಆಗಿದ್ದು ಬಾಡಿಯಲ್ಲೇ ಇದ್ದರೆ ಹಾಗೇ ಕೊಡಿ, ಏನೂ ಸೇರಿಸಬೇಡಿ. ಪೆಟ್ಟಿಗೆ ಅಬ್ಸೊಲ್ಯೂಟ್ ಆಗಿದ್ದು ಮೇಲೆ ಬೇರೆ ಪೊಸಿಷನ್ ಹಾಕಿದವರು ಯಾರೂ ಇಲ್ಲದಿದ್ದರೆ ಸ್ಕ್ರೋಲ್‌ಎಕ್ಸ್, ಸ್ಕ್ರೋಲ್‌ವೈ ಕೂಡಿಸಿ. ಎರಡನ್ನೂ ಬೆರೆಸಿದರೆ ಪುಟದ ತುದಿಯಲ್ಲಿ ಸರಿಯಾಗಿಯೇ ಕಂಡು, ಕೆಳಗೆ ಹೋದಂತೆ ಪೆಟ್ಟಿಗೆ ಓಡಿಹೋಗುತ್ತದೆ.

ಪೆಟ್ಟಿಗೆಯನ್ನು ತಿರುಗಿದ ನಕ್ಷೆಯೊಳಗೇ ಇಟ್ಟಿದ್ದರೆ? ತೆಗೆದು ಹೊರಗಿಡಿ. ಇಲ್ಲದಿದ್ದರೆ ಐದನೇ ಹಂತದ ಇನ್ವರ್ಸ್ ಹಾಕಿಯೇ ಕೊಡಬೇಕು, ಅದರ ಮೇಲೆ ಅಕ್ಷರಗಳೂ ಓರೆಯಾಗಿ ಕಾಣುತ್ತವೆ. ಪಾಪ್‌ಓವರ್ ಗುಣ ಕೊಟ್ಟರೆ ಬ್ರೌಸರ್ ಅದನ್ನು ಎಲ್ಲಕ್ಕಿಂತ ಮೇಲಿನ ಪದರಕ್ಕೆ ಏರಿಸುತ್ತದೆ, ತಂದೆಯ ಟ್ರಾನ್ಸ್‌ಫಾರ್ಮ್ ಅಲ್ಲಿಗೆ ತಲುಪುವುದಿಲ್ಲ.

ಐಫ್ರೇಮ್‌ನೊಳಗಿನ (ಪುಟದೊಳಗೆ ಕೂರಿಸಿದ ಇನ್ನೊಂದು ಪುಟದೊಳಗಿನ) ಎಲಿಮೆಂಟ್ ತನ್ನ ಐಫ್ರೇಮ್‌ನ ಕಿಟಕಿಯಿಂದ ಅಳೆದು ಹೇಳುತ್ತದೆ. ಹೊರಗಿನ ಲೆಕ್ಕಕ್ಕೆ ಐಫ್ರೇಮ್‌ನ ಲೆಫ್ಟ್, ಟಾಪ್ ಮತ್ತು ಅದರ ಬಾರ್ಡರ್ ಸೇರಿಸಿ. ಐಫ್ರೇಮ್‌ಗೇ ಸ್ಕೇಲ್ ಹಾಕಿದ್ದರೆ ಮೊದಲು ಒಳಗಿನ ಅಂಕಿಯನ್ನೂ ಬಾರ್ಡರ್ ದಪ್ಪವನ್ನೂ ಆ ಸ್ಕೇಲ್‌ನಿಂದ ಗುಣಿಸಿ.

ಹಂತ 7: ಯಾವಾಗ ಅಳೆಯಬೇಕು

ಲೆಕ್ಕವೆಲ್ಲ ಸರಿಯಿದ್ದೂ ಒಮ್ಮೊಮ್ಮೆ ಮಾತ್ರ ತಪ್ಪಾದರೆ ಗಡಿಯಾರ ನೋಡಿ. ಟ್ರಾನ್ಸಿಷನ್ (ಮೆಲ್ಲಗೆ ಬದಲಾಗುವ ಚಲನೆ) ನಡೆಯುತ್ತಿರುವಾಗ ಅಳೆದರೆ ಆ ಕ್ಷಣದ ಉತ್ತರ ಬರುತ್ತದೆ, ಕೊನೆಯದ್ದಲ್ಲ. ಎಲಿಮೆಂಟ್‌ನ ಗೆಟ್‌ಅನಿಮೇಷನ್ಸ್ ಕರೆದು, ಸಿಕ್ಕ ಪ್ರತಿಯೊಂದರ ಫಿನಿಶ್ಡ್ ಪ್ರಾಮಿಸ್‌ಗೆ ಕಾದು ಆಮೇಲೆ ಅಳೆಯಿರಿ. ಕೊನೆಯೇ ಇಲ್ಲದೆ ಸುತ್ತುವ ಅನಿಮೇಷನ್‌ಗೆ ಹೀಗೆ ಕಾದರೆ ಕಾಯುತ್ತಲೇ ಇರುತ್ತೀರಿ, ಅಲ್ಲಿ ಪ್ರತಿ ಫ್ರೇಮ್‌ಗೂ ಅಳೆಯಬೇಕು. ಟ್ರಾನ್ಸಿಷನ್‌ಎಂಡ್ ಇವೆಂಟ್ ಒಂದನ್ನೇ ನಂಬುವುದು ನನಗಿಷ್ಟವಿಲ್ಲ. ನಡುವೆ ರದ್ದಾದರೆ ಅದು ಬರುವುದೇ ಇಲ್ಲ.

ಚಿತ್ರ ತಡವಾಗಿ ಬರುವುದು ಇನ್ನೊಂದು ತಂಟೆ. ನಿಮ್ಮ ಮೇಜಿನ ಮೇಲಿನ ವೈಫೈಯಲ್ಲಿ ಇದು ಕಾಣುವುದಿಲ್ಲ. ಮಳೆಗಾಲದಲ್ಲಿ ಬೆಟ್ಟದ ಮರೆಯ ತೋಟದಿಂದ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಪುಟ ತೆರೆದವನಿಗೆ ಮೇಲಿನ ದೊಡ್ಡ ಫೋಟೊ ಆಮೇಲೆ ಇಳಿದು, ನಕ್ಷೆ ಕೆಳಗೆ ಜರುಗಿ, ಮೊದಲೇ ಅಳೆದಿಟ್ಟ ಅಂಕಿಗಳೆಲ್ಲ ಹಳಸಿರುತ್ತವೆ. ಎಲ್ಲ ಚಿತ್ರಗಳಿಗೂ ವಿಡ್ತ್, ಹೈಟ್ ಕೊಡಿ, ಅಕ್ಷರ ವಿನ್ಯಾಸಕ್ಕೆ ಡಾಕ್ಯುಮೆಂಟ್‌ನ ಫಾಂಟ್ಸ್ ರೆಡಿಗೆ ಕಾಯಿರಿ. ಎಲ್ಲಕ್ಕಿಂತ ಒಳ್ಳೆಯದು, ಅಳೆದು ಇಟ್ಟುಕೊಳ್ಳದೆ ಮುಟ್ಟಿದ ಕ್ಷಣದಲ್ಲೇ ಅಳೆಯುವುದು.

ಗಾತ್ರ ಬದಲಾದರೆ ತಿಳಿಸುವ ರಿಸೈಜ್‌ಅಬ್ಸರ್ವರ್ ಹಾಕಿದ್ದೇನಲ್ಲ ಅನ್ನಬೇಡಿ. ಟ್ರಾನ್ಸ್‌ಫಾರ್ಮ್‌ನಿಂದ ಹಿಗ್ಗಿ ಕುಗ್ಗಿದರೆ ಅದು ಬಾಯಿ ಬಿಡುವುದಿಲ್ಲ, ಲೇಔಟ್ ಗಾತ್ರ ಬದಲಾದರೆ ಮಾತ್ರ ಹೇಳುತ್ತದೆ.

ಗುರುತುಗಳು ಹಲವಿದ್ದರೆ ಮೊದಲು ಎಲ್ಲವನ್ನೂ ಅಳೆದು, ಆಮೇಲೆ ಎಲ್ಲವನ್ನೂ ಸರಿಸಿ. ಒಂದು ಅಳೆದು ಒಂದು ಸರಿಸುತ್ತ ಹೋದರೆ ಬ್ರೌಸರ್ ಪ್ರತಿ ಸಲವೂ ಲೇಔಟ್ ಹೊಸದಾಗಿ ಮಾಡಬೇಕಾಗಿ, ಹಳೆಯ ಫೋನುಗಳು ತಡವರಿಸುತ್ತವೆ.

ಲಕ್ಷಣ ನೋಡಿ ಕಾಯಿಲೆ ಹಿಡಿಯುವುದು

ಉತ್ತರ ಎಲ್ಲವೂ ಸೊನ್ನೆ: ಎಲಿಮೆಂಟ್ ಅಥವಾ ಅದರ ತಂದೆಗೆ ಡಿಸ್‌ಪ್ಲೇ ನನ್ ಇದೆ. ತೋರಿಸಿದ ಮೇಲೆ ಅಳೆಯಿರಿ.

ತಿರುಗಿಸಿದರೂ ತಿರುಗುತ್ತಲೇ ಇಲ್ಲ: ಸ್ಪ್ಯಾನ್‌ನಂಥ ಬರೀ ಇನ್‌ಲೈನ್ ಎಲಿಮೆಂಟ್‌ಗೆ ಟ್ರಾನ್ಸ್‌ಫಾರ್ಮ್ ಹತ್ತುವುದಿಲ್ಲ. ಇನ್‌ಲೈನ್‌ಬ್ಲಾಕ್ ಮಾಡಿ.

ನಡುವಿನಲ್ಲಿ ಸರಿ, ಅಂಚಿಗೆ ಹೋದಂತೆ ತಪ್ಪು ಬೆಳೆಯುತ್ತದೆ: ತಂದೆಯ ಸ್ಕೇಲ್ ಎರಡು ಸಲ ಸೇರಿದೆ, ಅಥವಾ ಸೇರಿಯೇ ಇಲ್ಲ.

ಎರಡು ಬೆರಳಿನಲ್ಲಿ ಹಿಗ್ಗಿಸಿದಾಗ ಫೋನಿನಲ್ಲಿ ಮಾತ್ರ ತಪ್ಪು: ವಿಷುಯಲ್‌ವ್ಯೂಪೋರ್ಟ್‌ನ ಆಫ್‌ಸೆಟ್‌ಲೆಫ್ಟ್, ಆಫ್‌ಸೆಟ್‌ಟಾಪ್, ಸ್ಕೇಲ್ ಕನ್ಸೋಲ್‌ನಲ್ಲಿ ನೋಡಿ. ಅವು ಸೊನ್ನೆ, ಸೊನ್ನೆ, ಒಂದು ಅಲ್ಲದಿದ್ದರೆ ಕಾರಣ ಸಿಕ್ಕಿತು.

ಎಸ್‌ವಿಜಿ (ಗೆರೆ, ಆಕೃತಿಗಳಿಂದ ಬಿಡಿಸುವ ಚಿತ್ರ) ನಕ್ಷೆ ಎಲ್ಲೋ ದೂರಕ್ಕೆ ಎಸೆಯಲ್ಪಟ್ಟಿದೆ: ಎಚ್‌ಟಿಎಂಎಲ್‌ನಲ್ಲಿ ಟ್ರಾನ್ಸ್‌ಫಾರ್ಮ್ ಆರಿಜಿನ್ ನಡುವಿನಲ್ಲಿದ್ದರೆ ಎಸ್‌ವಿಜಿಯ ಒಳಗಿನ ಆಕೃತಿಗಳಿಗೆ ಅದು 0, 0. ಟ್ರಾನ್ಸ್‌ಫಾರ್ಮ್‌ಬಾಕ್ಸ್‌ಗೆ ಫಿಲ್‌ಬಾಕ್ಸ್ ಕೊಟ್ಟು ಆರಿಜಿನ್ ಅನ್ನು ಸೆಂಟರ್ ಮಾಡಿ. ಎಸ್‌ವಿಜಿಗೆ ಗೂಟ ಬೇಕಿಲ್ಲ, ಗೆಟ್‌ಸ್ಕ್ರೀನ್‌ಸಿಟಿಎಂ ಕೇಳಿದರೆ ಮ್ಯಾಟ್ರಿಕ್ಸನ್ನೇ ಕೈಗೆ ಕೊಡುತ್ತದೆ. ಎಸ್‌ವಿಜಿಯ ಹೊರಗಿನ ಡಿವ್‌ಗೂ ಟ್ರಾನ್ಸ್‌ಫಾರ್ಮ್ ಇದ್ದರೆ ಮಾತ್ರ ಆ ಉತ್ತರವನ್ನು ಬೇರೆ ಬೇರೆ ಬ್ರೌಸರ್‌ಗಳಲ್ಲಿ ಕೆಂಪು ಚುಕ್ಕಿ ಇಟ್ಟು ನೋಡಿಯೇ ನಂಬಿ.

ಹಂತ 8: ಪರೀಕ್ಷಿಸಿ, ಗೂಟ ಕೀಳಿ

ಮೊದಲು ಸೊನ್ನೆ ಡಿಗ್ರಿ, ಆಮೇಲೆ 90, ಆಮೇಲೆ 30. ಸೊನ್ನೆಯಲ್ಲಿ ತಪ್ಪಾದರೆ ಆರನೇ ಹಂತ ತಪ್ಪಿದೆ. 90ರಲ್ಲಿ ಎಕ್ಸ್, ವೈ ಅದಲುಬದಲಾದದ್ದು ಕಣ್ಣಿಗೆ ಹೊಡೆಯುತ್ತದೆ. 30 ಉಳಿದದ್ದನ್ನು ಹಿಡಿಯುತ್ತದೆ. ಪ್ರತಿಯೊಂದನ್ನೂ ಪುಟದ ತುದಿಯಲ್ಲೊಮ್ಮೆ, ಅರ್ಧ ಸ್ಕ್ರೋಲ್ ಮಾಡಿ ಒಮ್ಮೆ, ಫೋನನ್ನು ಅಡ್ಡ ಹಿಡಿದು ಒಮ್ಮೆ ನೋಡಿ.

ಎಲ್ಲ ಸರಿಬಂದ ಮೇಲೆ ಪರೀಕ್ಷೆಗೆಂದು ಹೊಡೆದ ಗೂಟಗಳನ್ನೂ ಕೆಂಪು ಚುಕ್ಕಿಯನ್ನೂ ಕಿತ್ತು ಹಾಕಿ; ಮುಟ್ಟಿದಾಗ ಅಳೆಯಲು ನಿಮ್ಮ ಕೋಡು ಬಳಸುವ ಗೂಟಗಳಷ್ಟೇ ಇರಲಿ. ನಾನೊಮ್ಮೆ ಮರೆತು ಪುಟ ಮೇಲೇರಿಸಿದ್ದೆ. ರಾತ್ರಿ ಒಂಬತ್ತಕ್ಕೆ ತೋಟದ ಮಾಲೀಕರ ಫೋನು: ‘ಕೆರೆ ಪಕ್ಕದ ಪಟ್ಟಿಯಲ್ಲಿ ಕೆಂಪು ಗುರುತು ಹಾಕಿದ್ದೀರಲ್ಲ, ಅಲ್ಲಿ ಕಾಂಡಕೊರಕ ಬಿದ್ದಿದೆ ಅಂತ ಯಾರು ಹೇಳಿದರು ನಿಮಗೆ?’